ನಾತಾಳದ ಹಾಡಿಗೆ ಎರಡು ತಂತಿ ಸಾಕು

ಡಿಸೆಂಬರ್ ಬಂತಂದ್ರ ನಮ್ಮ ರಾಯಬಾಗ, ಚಿಕ್ಕೋಡಿ, ಅಥಣಿ ಕಡೆ ಕಿವಿಗೆ ಬಿಡುವು ಅನ್ನೂದ ಇಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದರ ಹಿಂದ ಒಂದು ಫ್ಯಾಕ್ಟರಿಗೆ ಹೊಂಟಿರ್ತಾವ, ಒಂದೊಂದರಾಗೂ ಒಂದೊಂದು ಹಾಡು. ಸಾಲಿಯೊಳಗ ಗ್ಯಾದರಿಂಗಿನ ತಯಾರಿ ನಡೆದಿರ್ತೈತಿ. ಅದರ ನಡುವ ಸಣ್ಣ ಹುಡುಗೋರು ಕೆಂಪು ಟೊಪ್ಪಿಗಿ ಹಾಕ್ಕೊಂಡು ಕ್ರಿಸ್ಮಸ್ ಹಾಡು ಗುನುಗ್ಕೋತ ಮನಿಗೆ ಬರ್ತಾವ. ನಮ್ಮ ಓಣಿ ಹಿರ್ಯಾರು ಈ ಹಬ್ಬಕ್ಕ ಇನ್ನೂ ನಾತಾಳ ಅಂತನ ಅಂತಾರ.

ಈ ಸಲ ಅಡಗಿ ಬಿಟ್ಟು ಗಿಟಾರಿನ ಬಗ್ಗೆ ಬರೀತೀನಿ. ನಗಬ್ಯಾಡ್ರಿ. ನಾತಾಳದ ಮೂರು ಹಾಡಿನ ಧಾಟಿಯನ್ನ, ನಲವತ್ತು ದಾಟಿದ ಹೆಣ್ಣಮಗಳು, ರೊಟ್ಟಿ ಬಡಿಯೂ ಕೈಲೆ, ಎರಡೂವರಿ ತಿಂಗಳದಾಗ ಕಲೀಬಹುದು. ಕಲತೀನಿ, ಅದಕ್ಕ ಹೇಳಾಕತ್ತೀನಿ. ಯಾರಿಗೆ ಪೇಟಿಯ ಸಾ ರೇ ಗ ಮ ಗೊತ್ತೈತೋ, ಭಜನಿಯೊಳಗ ತಾಳ ಹಿಡದು ಕೂತು ಗೊತ್ತೈತೋ, ಅವರಿಗೆ ಅರ್ಧ ವಿದ್ಯಾ ಮೊದಲ ಬಂದಂಗ.

ಯಾಕ ಕಲೀಬೇಕಾತು ಅಂದ್ರ, ನಮ್ಮ ಓಣಿಯ ಸಿಸ್ಟರ್ ಬಾಯಾರ ಸಲುವಾಗಿ. ಅವರು ರಿಟೈರ್ ಆದ ನರ್ಸ್. ಮೂಲ ಮಿರಜದವರು. ಮನಿಯೊಳಗ ಮರಾಠಿ, ಓಣಿಯೊಳಗ ನಮ್ಮ ಕನ್ನಡ. ನನ್ನ ಮಗ ಹುಟ್ಟೂ ಹೊತ್ತಿನ್ಯಾಗ ರಾತ್ರಿಯೆಲ್ಲಾ ನನ್ನ ಕೈ ಹಿಡಕೊಂಡು ಕೂತವರು ಅವರು. ಓಣಿಯೊಳಗ ಹಿಂಗ ಅವರ ಕೈಯಾಗ ಹುಟ್ಟಿದ ಹುಡುಗೋರು ಎಷ್ಟೋ ಮಂದಿ ಅದಾರ. ದೀಪಾವಳಿಗೆ ನಮ್ಮನಿಯಿಂದ ಅವರ ಮನಿಗೆ ಫರಾಳದ ತಾಟು ಹೋಗತಿತ್ತು. ನಾತಾಳಕ್ಕ ಅವರ ಮನಿಯಿಂದ ಕರಂಜಿ, ಶಂಕರಪೋಳಿ, ಚಕ್ಕಲಿ, ಜೋಡಿ ಒಂದು ತುಂಡು ಕೇಕು ಬರತಿತ್ತು. ತಾಟು ಖಾಲಿ ವಾಪಸ್ ಕೊಡಬಾರದು ಅಂತ ನಮ್ಮತ್ತಿಯವರು ಅದರಾಗ ಒಂದು ಮುಷ್ಟಿ ಸಕ್ಕರಿನೋ, ನಾಕು ಬಾಳಿಹಣ್ಣೋ ಇಟ್ಟು ಕಳಸೂದು ರೂಢಿ.

ವರ್ಷಾ ಡಿಸೆಂಬರ್ 24ಕ್ಕ ಬಾಯಾರು ರೈಲು ಹತ್ತಿ, ಕುಡಚಿ, ಉಗಾರ, ಶೇಡಬಾಳ ದಾಟಿ ಮಿರಜಕ್ಕ ಹೋಗಿ, ರಾತ್ರಿ ಚರ್ಚಿನ ಹಾಡು ಮುಗಿಸಿಕೊಂಡು ಮರುದಿನ ಬರವರು. ಹೋದ ವರ್ಷ ಮೊಳಕಾಲಿನ ಆಪರೇಶನ್ ಆತು. ಪಾವಟಣಿಗಿ ಹತ್ತೂದ ಕಷ್ಟ, ರೈಲು ಎಲ್ಲಿದು? ಮಗ ಪುಣೆಯಾಗ ಇರ್ತಾನ. ಬ್ಯಾಸಗಿಯೊಳಗ ಮನಿ ಖಾಲಿ ಮಾಡಿ ತಾಯಿಯನ್ನ ಕರಕೊಂಡು ಹೋಗೂದು ಅಂತ ನಿಕ್ಕಿ ಮಾಡಿದ್ದ. ಅಂದ್ರ ನಮ್ಮ ಓಣಿಯೊಳಗ ಬಾಯಾರದು ಅದ ಕಡೀ ನಾತಾಳ, ಅದೂ ಚರ್ಚಿನ ಹಾಡಿಲ್ಲದ ನಾತಾಳ. ಅವರ ಮನಿ ಕಪಾಟಿನ ಮ್ಯಾಲ ಅರಬಿ ಚೀಲದಾಗ ಅವರ ಯಜಮಾನರ ಗಿಟಾರ್ ಇತ್ತು. ಅವರು ಹೋದ ಮ್ಯಾಲ ಅದನ್ನ ಯಾರೂ ಮುಟ್ಟಿದ್ದಿಲ್ಲ. ನವರಾತ್ರಿ ಮುಗದ ವಾರ ನಾನು ಕೇಳಿದೆ, “ಬಾಯಾರ, ಇದನ್ನ ಒಂದೆರಡು ತಿಂಗಳು ನನಗ ಕೊಡ್ತೀರೇನ್ರಿ?” ಯಾಕ ಅಂತ ಕೇಳಲಿಲ್ಲ. ಚೀಲದ ಧೂಳ ಝಾಡಿಸಿ ಕೊಟ್ರು.

ಓಣಿಯೊಳಗ ಮಾತು ಬಂತು. “ಅವರ ದೇವರ ಹಾಡು ನಾವು ಬಾರಸೂದೇನ?” ಅಂತ ಒಬ್ಬ ಕಾಕು ನಮ್ಮತ್ತಿಯವರನ್ನ ಕೇಳಿದ್ರು. ಅತ್ತಿಯವರು ಸ್ವಾಮವಾರದ ಭಜನಿ ತಪ್ಪಿಸವರಲ್ಲ, ವಚನ ಬಾಯಿಪಾಠ. ಜ್ವಾಳಾ ಹಸನ ಮಾಡ್ಕೋತನ ಹೇಳಿದ್ರು: “ನನ್ನ ಮೊಮ್ಮಗನ ಹೊಕ್ಕಳ ಬಳ್ಳಿ ಕೊಯ್ಯೂ ಮುಂದ ಆಕಿ ಯಾವ ದೇವರು ಅಂತ ಕೇಳಿದ್ಲೇನವಾ?” ಆ ಮಾತು ಅಲ್ಲಿಗೆ ಮುಗೀತು.

ಹಂಗ ನೋಡಿದ್ರ ಈ ಹಾಡು ನಮ್ಮ ಸೀಮಿಗೆ ಹೊಸವೇನಲ್ಲ. ಕನ್ನಡ-ಇಂಗ್ಲಿಷ್ ದೊಡ್ಡ ನಿಘಂಟು ಮಾಡಿದ ಕಿಟ್ಟೆಲ್ ಸಾಹೇಬರ ಹೆಸರು ಎಲ್ಲಾರೂ ಕೇಳೀರಿ. ನಿಘಂಟು ಬಂದದ್ದು 1894ರಾಗ. ಅದಕ್ಕೂ ಮೊದಲ, 1862ರಾಗ, ಯೇಸುವಿನ ಕತಿಯನ್ನ ನಮ್ಮ ಛಂದಸ್ಸಿನ್ಯಾಗ ‘ಕಥಾಮಾಲೆ’ ಅಂತ ಪದ್ಯಾ ಮಾಡಿ ಅವರು ಬರದಿದ್ರು. ಅದ 1894ರಾಗ ಇತ್ತಾಗ ಮಿರಜದಾಗ ವಾನ್ಲೆಸ್ ಡಾಕ್ಟರರ ಮಿಷನ್ ದವಾಖಾನಿ ಸುರು ಆತು. ಕಾಗವಾಡ, ಅಥಣಿ, ರಾಯಬಾಗದ ನಮ್ಮ ಹಿರ್ಯಾರು ದೊಡ್ಡ ಜಡ್ಡು ಅಂದ್ರ ಅಲ್ಲಿಗೆ ಓಡತಿದ್ರು. ಮರಾಠಿ ಬಲ್ಲವರಿಗೆ ಲಕ್ಷ್ಮೀಬಾಯಿ ಟಿಳಕರ ‘ಸ್ಮೃತಿಚಿತ್ರೆ’ ಗೊತ್ತಿರತೈತಿ. ಒಬ್ಬ ಹೆಣ್ಣಮಗಳು ತನ್ನ ಸಂಸಾರದ ಕತಿ ನಕ್ಕೋತ, ಅಳ್ಕೋತ ಬರದ ಪುಸ್ತಕ. ಅವರ ಯಜಮಾನರು ನಾರಾಯಣ ವಾಮನ ಟಿಳಕರು ಕ್ರಿಸ್ತನ ಮ್ಯಾಲ ಮರಾಠಿ ಅಭಂಗ, ಭಜನಿ ಕಟ್ಟಿದವರು. ಸಿಸ್ಟರ್ ಬಾಯಾರು ಸಣ್ಣವರಿದ್ದಾಗಿಂದ ಪೇಟಿ, ತಬಲಾ, ತಾಳದ ಜೋಡಿ ಆ ಭಜನಿ ಹಾಡಿಕೊಂಡು ಬಂದವರು. ಗಿಟಾರಿನ ಇಂಗ್ಲಿಷ್ ಹಾಡು ಅವರ ಮನಿಗೆ ಬಂದದ್ದು ಯಜಮಾನರ ಕಡಿಂದ.

ಈಗ ಕಲಿಯೂ ರೀತಿ ಹೇಳ್ತೀನಿ.

ಹಳೇ ಗಿಟಾರ್ ಇದ್ರ ಮೊದಲ ತಂತಿ ನೋಡ್ರಿ. ಜಂಗು ಹಿಡದಿದ್ರ ಬೆರಳು ಕೊಯ್ತಾವ, ಸ್ವರಾನೂ ನಿಲ್ಲೂದಿಲ್ಲ. ನಮ್ಮವರು ಕೆಲಸಕ್ಕಂತ ಮಿರಜಕ್ಕ ಹೋದಾಗ ವಾದ್ಯದ ಅಂಗಡಿಯಿಂದ ಹೊಸಾ ಸೆಟ್ ತಂದು ಕೊಟ್ರು. ಮಿರಜ ಅಂದ್ರ ಸಿತಾರ, ತಂಬೂರಿ ಮಾಡೂ ಊರು. ಪಂಢರಪುರ, ಮಂಗಳವೇಢೆ ಕಡೆ ಬೆಳೆಯೂ ದೊಡ್ಡ ಕುಂಬಳದ ಬುರುಡಿ ತಂದು ಅಲ್ಲಿಯ ಮನೆತನದವರು ತಲಿಮಾರಿನಿಂದ ವಾದ್ಯಾ ಮಾಡ್ತಾರ. ಒಂದು ಮಾತು ನೆನಪಿಡ್ರಿ: ಗಿಟಾರಿನ್ಯಾಗ ನೈಲಾನ್ ತಂತಿಯದು ಬ್ಯಾರೆ, ಸ್ಟೀಲ್ ತಂತಿಯದು ಬ್ಯಾರೆ. ನೈಲಾನ್ ಗಿಟಾರಿಗೆ ಸ್ಟೀಲ್ ತಂತಿ ಬಿಗದ್ರ ಜಗ್ಗಿ ಜಗ್ಗಿ ಅದರ ಕುತಿಗಿ ಬಗ್ಗತೈತಿ. ಹಳೇ ತಂತಿ ಒಂದು ಜೋಡಿ ಒಯ್ದು ತೋರಿಸಿ ಅಂಥದ್ದ ತರ್ರಿ.

ಆರು ತಂತಿ ಇರ್ತಾವ. ಎಲ್ಲಾಕಿಂತ ತೆಳ್ಳಂದು ಒಂದನೇದು, ದಪ್ಪಂದು ಆರನೇದು. ಶ್ರುತಿ ಕೂಡಸಾಕ ಫೋನಿನ್ಯಾಗ ಟ್ಯೂನರ್ ಸಿಗತೈತಿ, ಹುಡುಗೋರು ಹಾಕಿ ಕೊಡ್ತಾವ. ಕೊಳ್ಳಿನ ಮ್ಯಾಲ ಅಡ್ಡ ಕೂಡಿಸಿದ ಪಟ್ಟಿಗೆ ಫ್ರೆಟ್ ಅಂತಾರ. ಎರಡು ಪಟ್ಟಿ ನಡುವಿನ ಜಾಗಾಕ್ಕ ನಾನು ಮನಿ ಅಂತೀನಿ, ಚೌಕಾಬಾರದಾಗ ಅಂತೀವಲ್ಲ, ಹಂಗ. ತಂತಿ ಒತ್ತೂ ಮುಂದ ಬೆರಳು ಮನಿ ನಡುವ ಬ್ಯಾಡ, ಮುಂದಿನ ಪಟ್ಟಿಗೆ ಹತ್ತಿ ಇರಲಿ. ಕಡಿಮಿ ಒತ್ತಿದ್ರೂ ಸ್ವರಾ ಸ್ವಚ್ಛ ಬರತೈತಿ.

ಫೋನಿನ್ಯಾಗ ಕಲಸವರೆಲ್ಲಾ ಸಿ, ಡಿ, ಇ ಅಂತ ಅಕ್ಷರದಾಗ ಹೇಳ್ತಾರ. ನನಗ ಅದು ತಲಿಗೆ ಹತ್ತಲಿಲ್ಲ. ಅತ್ತಿಯವರು ಪೇಟಿ ಎದುರಿಗೆ ಇಟ್ಕೊಂಡು, “ಅವನ ಸಿ ಅಂದ್ರ ನಮ್ಮ ಬಿಳಿ ಒಂದು” ಅಂತ ಹೇಳಿಕೊಟ್ಟ ಮ್ಯಾಲ ಬಾಗಲಾ ತೆರದಂಗಾತು. ಬಿಳಿ ಒಂದನ್ನ ಸಾ ಅಂತ ಹಿಡದ್ರ ಗಿಟಾರಿನ್ಯಾಗ ಐದು ಸ್ವರಾ ಎರಡ ತಂತಿ ಮ್ಯಾಲ ಸಿಗತಾವ. ಎರಡನೇ ತಂತಿ ಒಂದನೇ ಮನಿ ಸಾ. ಅದ ತಂತಿ ಮೂರನೇ ಮನಿ ರೇ. ಒಂದನೇ ತಂತಿ ಏನೂ ಒತ್ತದ ಖಾಲಿ ಬಡದ್ರ ಗ. ಅದರ ಒಂದನೇ ಮನಿ ಮ, ಮೂರನೇ ಮನಿ ಪ. ಇಷ್ಟನ್ನ ಒಂದು ಚೀಟಿ ಮ್ಯಾಲ ಬರದು ಅಡಗಿ ಮನಿ ಗ್ವಾಡಿಗೆ ಹಚ್ಚಿದ್ದೆ. ಕುಕ್ಕರ್ ಮೂರು ಸೀಟಿ ಹೊಡಿಯೂದರಾಗ ಮ್ಯಾಲ ಹತ್ತಿ ಕೆಳಗ ಇಳಿಯೂದು, ಮೊದಲನೇ ವಾರ ಇಷ್ಟ.

ಮೊದಲ ಹಾಡು ಜಿಂಗಲ್ ಬೆಲ್ಸ್. ನಮ್ಮ ಹುಡುಗೋರೆಲ್ಲಾ ಕೂಗೂದು ಇದನ್ನ. ಅಮೇರಿಕಾದ ಜೇಮ್ಸ್ ಪಿಯರ್‌ಪಾಂಟ್ ಅನ್ನವರು 1857ರಾಗ ಅಚ್ಚು ಹಾಕಿಸಿದ ಹಾಡಿದು. ಮಜಾ ಅಂದ್ರ ಇದರಾಗ ಕ್ರಿಸ್ಮಸ್ ಅನ್ನೂ ಶಬ್ದಾನ ಇಲ್ಲ. ಹಿಮದಾಗ ಕುದರಿ ಹೂಡಿದ ಜಾರಗಾಡಿ ಓಡಿಸೂ ಹುರುಪಿನ ಹಾಡು, ನಮ್ಮ ಕಡೆ ಚಕ್ಕಡಿ ಓಡಿಸಿದಂಗ ಅನ್ರಿ. ಎಲ್ಲಾರಿಗೂ ಗೊತ್ತಿರೂ ಪಲ್ಲವಿಗೆ ಮ್ಯಾಲ ಹೇಳಿದ ಐದ ಸ್ವರಾ ಸಾಕು. ಸುರುವಿಗೆ ಖಾಲಿ ತಂತಿಯ ಗ, ಮೂರು ಸಲ, ಮತ್ತ ಮೂರು ಸಲ. ಎಡಗೈಗೆ ಏನೂ ಕೆಲಸಿಲ್ಲ. ಆದ್ರ ಒಂದೊಂದು ಗುಂಪಿನ ಮೂರನೇದನ್ನ ಎರಡರಷ್ಟು ಎಳೀಬೇಕು. ಎಳೀದಿದ್ರ ಬಾಗಲಾ ಬಡದಂಗ ಕೇಳಸತೈತಿ, ಎಳದ್ರ ಹಾಡು ಆಗತೈತಿ. ತಾಳ ನಮ್ಮ ಕೇರವಾ. ನನ್ನ ಮಗ ಸ್ಟೀಲಿನ ಡಬ್ಬಿ ಮ್ಯಾಲ ಕೇರವಾ ಹಿಡದ, ಒಂದು ವಾರದಾಗ ಕೈಗೆ ಕೂತಿತು.

ಎರಡನೇದು ಜಾಯ್ ಟು ದ ವರ್ಲ್ಡ್. ಐಸಾಕ್ ವಾಟ್ಸ್ 1719ರಾಗ ಬರದ ಪದಾ, ಧಾಟಿ ಕೂಡಿದ್ದು ನೂರು ವರ್ಷದ ಮ್ಯಾಲ. ಇದನ್ನ ಕೇಳಿದ ಕೂಡಲೇ ಅತ್ತಿಯವರು, “ಇದರಾಗ ಕಲಿಯೂದೇನೈತಿ, ಬಿಲಾವಲದ ಅವರೋಹ” ಅಂದ್ರು. ಹೌದ್ರಿ, ಮ್ಯಾಲಿನ ಸಾ ದಿಂದ ಕೆಳಗಿನ ಸಾ ತನಕ ಒಂದೂ ಪಾವಟಣಿಗಿ ಬಿಡದಂಗ ಇಳೀತೈತಿ. ಪೇಟಿ ಕಲಿಯೂ ಹುಡುಗೋರು ಮೊದಲನೇ ತಿಂಗಳದಾಗ ತಿಕ್ಕೂ ಪಾಠ. ಆದ್ರ ಸರಳ ಇಳದ್ರ ಪಾಠ ಆಗತೈತಿ, ಹಾಡು ಆಗೂದಿಲ್ಲ. ಮ್ಯಾಲಿನ ಸಾ ನಿಂತು, ನಿ ಸ್ವಲ್ಪ, ಧ ಮುಟ್ಟಿದಂಗ ಮಾಡಿ, ಪ ಮ್ಯಾಲ ಚಂದಂಗ ನಿಂತು, ಮ ಮತ್ತ ಲಗೂನ, ಗ ರೇ ಒಂದ ಸಮ, ಸಾ ಮ್ಯಾಲ ಪೂರಾ ಕೂತಬಿಡೂದು. ಇದಕ್ಕ ಎರಡನೇ ತಂತಿಯಿಂದ ಐದನೇ ತಂತಿ ತನಕ ಇಳೀಬೇಕಾಗತೈತಿ. ಐದನೇ ತಂತಿ ಮೂರನೇ ಮನಿ ಕೆಳಗಿನ ಸಾ.

ಈ ಎರಡು ಹಾಡಿನಿಂದ ನನಗ ತಿಳದದ್ದು ಇಷ್ಟು. ಸ್ವರಾ ಯಾವುದು ಅನ್ನೂದು ಚೀಟಿ ನೋಡಿದ್ರ ಸಿಗತೈತಿ. ಎಷ್ಟೊತ್ತು ನಿಲ್ಲಬೇಕು ಅನ್ನೂದು ಕಿವಿಯಿಂದ ಬರಬೇಕು. ನಮಗ ಆ ಕಿವಿ ತಾಯಿ ಮನಿಯಿಂದನ ಬಂದಿರತೈತಿ: ಬೀಸೂ ಹಾಡು, ತೊಟ್ಟಿಲ ಹಾಡು, ಭಜನಿ. ಇಷ್ಟು ವರ್ಷ ಅದನ್ನ ನಾವು ವಿದ್ಯಾ ಅಂತ ಲೆಕ್ಕಕ್ಕ ಹಿಡದಿಲ್ಲ, ಅಷ್ಟ.

ಬೆರಳ ನೋವಿನ ಮಾತು. ರೊಟ್ಟಿ ಬಡದು ಬಡದು ನಮ್ಮ ಅಂಗೈ ಗಟ್ಟಿ ಇರ್ತಾವ, ಬೆರಳ ತುದಿ ಮೆತ್ತಗ ಇರ್ತಾವ. ಮೊದಲ ಎರಡು ಮೂರು ವಾರ ಎಡಗೈ ತುದಿ ಉರೀತಾವ. ಹಸಿಮೆಣಸಿನಕಾಯಿ ಹೆಚ್ಚಿ, ಬಳ್ಳೊಳ್ಳಿ ಸುಲದು ಆಮ್ಯಾಲ ಗಿಟಾರ್ ಹಿಡದ್ರ ಕಣ್ಣಾಗ ನೀರು ಬರ್ತಾವ. ಅದಕ್ಕ ನಾನು ಮುಂಜಾನೆ ಅಡಗಿಗೆ ಮೊದಲ ಹತ್ತು ನಿಮಿಷ, ರಾತ್ರಿ ಭಾಂಡೆ ಆಗಿ ಕೈ ಒಣಗಿದ ಮ್ಯಾಲ ಹತ್ತು ನಿಮಿಷ ಅಂತ ಮಾಡ್ಕೊಂಡೆ. ಭಾಂಡೆ ತಿಕ್ಕಿದ ಕೂಡಲೇ ಕೂಡಬ್ಯಾಡ್ರಿ, ನೆಂದ ಚರ್ಮಕ್ಕ ತಂತಿ ಲಗೂನ ನಡತಾವ. ಎಡಗೈ ಉಗರು ತಗೀಲಾಕ ಬೇಕು. ಬಲಗೈ ಬಳಿ ಗಿಟಾರಿನ ಕಟ್ಟಿಗಿಗೆ ಬಡದು ಸಪ್ಪಳ ಆಗತಿತ್ತು. ಬಳಿ ತಗಿಯೂದಕ್ಕ ಅತ್ತಿಯವರು ಒಪ್ಪಲಿಲ್ಲ. ಮ್ಯಾಲ ಸರಿಸಿ ಕೂದಲದ ರಬ್ಬರ್ ಹಾಕಿದೆ, ಸಪ್ಪಳ ನಿಂತಿತು. ತಿಂಗಳಾದ ಮ್ಯಾಲ ತುದಿಗೆ ಸಣ್ಣ ಗಟ್ಟಿ ಬಂದು ನೋವು ತಾನ ಹೋಗತೈತಿ.

ಮೂರನೇ ಹಾಡಿನ ಸಲುವಾಗಿನ ಇಷ್ಟೆಲ್ಲಾ. ಸೈಲೆಂಟ್ ನೈಟ್. ಇದಕ್ಕೂ ಗಿಟಾರಿಗೂ ಹುಟ್ಟಿನಿಂದ ಸಂಬಂಧ ಐತಿ. ಆಸ್ಟ್ರಿಯಾ ದೇಶದ ಸಾಲ್ಜ್‌ಬರ್ಗ್ ಹತ್ರ ಓಬರ್ನ್‌ಡಾರ್ಫ್ ಅನ್ನೂ ಸಣ್ಣ ಊರು. ಅಲ್ಲಿಯ ತರುಣ ಪಾದ್ರಿ ಯೋಸೆಫ್ ಮೋರ್ 1816ರಾಗ ಬರದಿಟ್ಟ ಪದಾನ, 1818ರ ಡಿಸೆಂಬರ್ 24ಕ್ಕ ಬಾಜೂ ಊರಿನ ಸಾಲಿ ಮಾಸ್ತರ ಫ್ರಾಂಜ್ ಕ್ಸೇವರ್ ಗ್ರೂಬರ್ ಅವರಿಗೆ ಕೊಟ್ಟು, ಇಬ್ಬರ ದನಿಗೂ ಒಂದು ಗಿಟಾರಿಗೂ ಹೊಂದೂ ಧಾಟಿ ಹಾಕ್ರಿ ಅಂದ್ರಂತ. ಅದ ರಾತ್ರಿ ಇಬ್ಬರೂ ಕೂಡಿ ಹಾಡಿದ್ರು, ಗಿಟಾರ್ ಹಿಡದಿದ್ದು ಪಾದ್ರಿನ. ಚರ್ಚಿನ ಆರ್ಗನ್ ಇಲಿ ಕಡದಿತ್ತು ಅಂತ ಒಂದು ಕತಿ ಹೇಳ್ತಾರ, ಅದು ಆಮ್ಯಾಲ ಹುಟ್ಟಿದ ಕತಿ. ಒಬ್ಬ ಸಾಲಿ ಮಾಸ್ತರ ಒಂದ ದಿನದಾಗ ಧಾಟಿ ಹಾಕಿ, ದೊಡ್ಡ ವಾದ್ಯಾ ಇಲ್ಲದ ಹಾಡಿದ ಹಾಡು ಜಗತ್ತೆಲ್ಲಾ ತಿರಗ್ಯಾಡಿತು.

ಕಲಿಯಾಕ ಇದು ಮೂರರಾಗ ಕಠಿಣ. ಕೆಳಗಿನ ಸಾ ದಿಂದ ಮ್ಯಾಲಿನ ಮ ತನಕ ಹೋಗತೈತಿ, ಅಂದ್ರ ಒಂದು ಸಪ್ತಕ ದಾಟಿ ಮ್ಯಾಲ. ಆರನೇ ತಂತಿ ಒಂದು ಬಿಟ್ಟು ಎಲ್ಲಾ ತಂತಿ ಬೇಕು. ಆದ್ರ ಬೆರಳು ಮೂರು ಮನಿ ಬಿಟ್ಟು ಆಚೆ ಹೋಗೂದಿಲ್ಲ, ಅದೊಂದು ಸುಖಾ. ಖರೇ ಕಷ್ಟ ಬ್ಯಾರೆ ಕಡೆ ಐತಿ. ಇದು ಸಾವಕಾಶದ ಹಾಡು. ಪೇಟಿಯಾಗ ಗಾಳಿ ಇರೂ ತನಕ ಸ್ವರಾ ನಿಲ್ಲತೈತಿ, ಗಿಟಾರಿನ್ಯಾಗ ಬಡದ ಕೂಡಲೇ ಸಾಯಾಕ ಹತ್ತತೈತಿ. ಉದ್ದನ ಸ್ವರಾ ಬಂದಾಗ ಕೈ ತಡೀದ ಮುಂದಿಂದಕ್ಕ ಓಡತೈತಿ. ಅದಕ್ಕ ಎರಡು ಉಪಾಯ. ಒಂದು, ಮುಂದಿನ ಸ್ವರಾ ಬಡಿಯೂ ತನಕ ಎಡಗೈ ಬೆರಳು ಎತ್ತಬಾರದು. ಬೆರಳು ಎತ್ತಿದ್ರ ಸ್ವರಾ ಅಲ್ಲೇ ಕಡೀತೈತಿ. ಎರಡು, ಯಾರಾದ್ರೂ ಪೇಟಿ ಮ್ಯಾಲ ಸಾ-ಪ ಹಿಡದು ಕೂತ್ರ ನಡುವಿನ ಖಾಲಿ ತುಂಬತೈತಿ. ನಮ್ಮನಿಯೊಳಗ ಆ ಕೆಲಸ ಅತ್ತಿಯವರದು. ಮೊದಲ ದಿನ ಕೇಳಿ ತೊಡಿ ಮ್ಯಾಲ ಆರು ಮಾತ್ರಾ ಎಣಿಸಿದ್ರು. “ಇದು ದಾದ್ರಾ. ತೊಟ್ಟಿಲ ತೂಗಿದಂಗ ಐತಿ ನೋಡು. ಕೂಸು ಮಲಗ್ಯಾವ ಅಂತ ತಿಳಕೊಂಡು ಬಾರ್ಸು” ಅಂದ್ರು. ಇಂಗ್ಲಿಷ್ ಒಂದಕ್ಷರಾ ಬರೂದಿಲ್ಲ ಅವರಿಗೆ. ಹಾಡಿನ ಅರ್ಥಾನೂ ಅದ, ಆಗಷ್ಟ ಹುಟ್ಟಿದ ಕೂಸು ಮಲಗೈತಿ, ಸಪ್ಪಳ ಇಲ್ಲ. ಅವತ್ತಿನಿಂದ ನನ್ನ ಕೈ ಓಡೂದು ನಿಂತಿತು.

24ರ ಸಂಜಿಕ ದೀಪಾ ಹಚ್ಚೂ ಹೊತ್ತಿಗೆ ಬಾಯಾರ ಮನಿಗೆ ಹೋದಿವಿ. ಅತ್ತಿಯವರ ಪೇಟಿಯನ್ನ ಮಗ ಹೊತ್ಕೊಂಡಿದ್ದ, ಓಣಿಯ ನಾಕು ಹೆಣ್ಣಮಕ್ಕಳು ಜೋಡಿ ಬಂದಿದ್ರು, ಬ್ಯಾಡಂದ ಕಾಕೂನೂ ಬಂದಿದ್ರು. ಬಾಯಾರು ಕುರ್ಚಿ ಮ್ಯಾಲ ಕಾಲು ಚಾಚಿ ಕೂತಿದ್ರು. ಮೊದಲ ಹಾಡಿಗೆ ಹುಡುಗೋರು ಚಪ್ಪಾಳಿ ಹೊಡದ್ರು. ಎರಡನೇದಕ್ಕ ಬಾಯಾರು ನಕ್ಕರು. ಮೂರನೇದು ಸುರು ಮಾಡಿದಾಗ ಸುಮ್ಮನ ಆದ್ರು. ಒಂದು ಸಲ ಪೂರಾ ಬಾರಿಸಿದೆ, ಹಾಡಲಿಲ್ಲ. ಅತ್ತಿಯವರು ಪೇಟಿ ಬಿಡಲಿಲ್ಲ, ನನಗ ಕಣ್ಣಿನಿಂದನ ಇನ್ನೊಂದು ಸಲ ಅಂದ್ರು. ಎರಡನೇ ಸಲಕ್ಕ ಬಾಯಾರು ಮರಾಠಿಯೊಳಗ ಹಾಡಿದ್ರು. ದನಿ ನಡಗತಿತ್ತು. ಕಡೀಕ ಮ್ಯಾಲಿನ ಮ ಕಡೆ ಅವರಿಗೆ ಏರಾಕ ಆಗಲಿಲ್ಲ. ಅಲ್ಲಿ ಗಿಟಾರ್ ಒಂದ ಏರಿತು, ಕೆಳಗ ಇಳಿಯೂ ಮುಂದ ಅವರು ಮತ್ತ ಬಂದು ಕೂಡ್ಕೊಂಡ್ರು.

ಮುಗದ ಮ್ಯಾಲ ಎಲ್ಲಾರಿಗೂ ಕರಂಜಿ ಕೊಟ್ರು. ಹೊಂಟಾಗ ನಾನು ಗಿಟಾರ್ ಚೀಲಕ್ಕ ಹಾಕಿ ಅವರ ಮುಂದ ಇಟ್ಟೆ. “ಅದನ್ನ ನಿನ್ನ ಕಡೆನ ಇಟ್ಕೋ ಬಾಳಾ” ಅಂದ್ರು. “ಪುಣೆಯಾಗ ಮಗನ ಮನಿ ಸಣ್ಣದು. ಅಲ್ಲಿ ಹೋದ್ರ ಇದು ಮತ್ತ ಕಪಾಟಿನ ಮ್ಯಾಲನ ಕೂಡತೈತಿ.” ಏಪ್ರಿಲ್‌ದಾಗ ಅವರು ಹೋದ್ರು. ಆ ಮನಿಯೊಳಗ ಈಗ ಬ್ಯಾಂಕಿನವರು ಬಾಡಿಗಿ ಅದಾರ.

ಅಕ್ಕಾರ, ನಿಮ್ಮ ಓಣಿಯೊಳಗೂ ಇಂಥಾ ಒಬ್ರು ಇರಬಹುದು. ನಿಪ್ಪಾಣಿಯಾಗೋ, ಚಿಕ್ಕೋಡಿಯಾಗೋ, ತಮ್ಮ ಜಾತ್ರಿಗೆ, ತಮ್ಮ ಉರುಸಿಗೆ, ತಮ್ಮ ನಾತಾಳಕ್ಕ ಹೋಗಲಾರದ ಮನಿಯೊಳಗ ಕೂತವರು. ಅವರ ಹಬ್ಬದ ತಾಟು ಇಷ್ಟು ವರ್ಷ ನಿಮ್ಮನಿಗೆ ಬಂದಿರತೈತಿ. ತಾಟಿನ್ಯಾಗ ಸಕ್ಕರಿ ಹಾಕಿ ಕಳಸೂದು ಇದ್ದದ್ದ. ಒಂದು ವರ್ಷ ಅವರ ಹಾಡನ್ನ ಹಾಕಿ ಕಳಸ್ರಿ.

ಈ ಡಿಸೆಂಬರಿಗೆ ಸುರು ಮಾಡವರಿಗೆ ಲೆಕ್ಕ ಹೇಳಿಬಿಡ್ತೀನಿ. ಮೊದಲ ವಾರ ಐದು ಸ್ವರಾ, ಎರಡು ತಂತಿ, ಬ್ಯಾರೆ ಏನೂ ಮುಟ್ಟಬ್ಯಾಡ್ರಿ. ಎರಡು ಮೂರನೇ ವಾರ ಜಿಂಗಲ್ ಬೆಲ್ಸಿನ ಪಲ್ಲವಿ. ಇಷ್ಟಕ್ಕ ನಾತಾಳ ಬರತೈತಿ, ಹುಡುಗೋರ ಮುಂದ ಬಾರಿಸಾಕ ಅಡ್ಡಿಯಿಲ್ಲ. ಉಳಿದ ಎರಡನ್ನ ಸಂಕ್ರಾಂತಿ ಮ್ಯಾಲ ಸಾವಕಾಶ ಕಲತ್ರ ಮುಂದಿನ ವರ್ಷಕ್ಕ ಮೂರೂ ತಯಾರ ಆಗತಾವ. ನಮ್ಮನಿಯೊಳಗ ಈಗ ಮಗಾ ಕೂಡತಾನ, ಬಾಜೂಮನಿ ಎರಡು ಹುಡುಗಿಯರು ಕೂಡತಾವ. 24ರ ಸಂಜಿಕ ಫೋನ್ ಹಚ್ಚಿ ಪುಣೆಗೆ ಕೇಳಸೂದೈತಿ. ಫೋನಿನ್ಯಾಗ ಮೂರನೇ ತಂತಿ ಸ್ವಲ್ಪ ಭರ್ರಂತೈತಿ ಅಂತ ಬಾಯಾರು ಮೊನ್ನೆ ಹೇಳಿದ್ರು. ಅದೊಂದನ್ನ ಬದಲ ಮಾಡಬೇಕು.